ನೀರಿನ ಅಲೆದಾಟ ಅಳೆಯುವ ಐದು ಸಾಲು: ಒಂದು ವ್ಯಾಖ್ಯಾನ

ಎಂಆರ್‌ಐನಲ್ಲಿ ಹೊಸ ವಿಧಾನವೆಂದರೆ ಬಹುಪಾಲು ಹೊಸ ಯಂತ್ರವಲ್ಲ, ಇರುವ ಯಂತ್ರಕ್ಕೆ ಕೊಡುವ ಹೊಸ ಆಜ್ಞೆಗಳ ಸರಣಿ. ಇದಕ್ಕೆ ಪಲ್ಸ್ ಸೀಕ್ವೆನ್ಸ್ ಎನ್ನುತ್ತಾರೆ. ಮಿದುಳಿನ ಡಿಫ್ಯೂಷನ್ (ನೀರಿನ ಅಣುಗಳ ಅಲೆದಾಟ) ಚಿತ್ರ ತೆಗೆಯುವ ಸೀಕ್ವೆನ್ಸನ್ನು ಐದು ಸಾಲಿಗಿಳಿಸಿ ಇಲ್ಲಿ ಬಿಡಿಸಿದೆ.

1. 90 ಡಿಗ್ರಿ ಪಲ್ಸ್ ಕೊಡು.
3 ಟೆಸ್ಲಾ ಕಾಂತಕ್ಷೇತ್ರದಲ್ಲಿ ನೀರಿನ ಪ್ರೋಟಾನ್‌ಗಳು ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ಬುಗುರಿಯಂತೆ ಓಲಾಡುತ್ತವೆ. ಅದೇ ಆವರ್ತನದ ರೇಡಿಯೋ ಅಲೆ ತಾಗಿದರೆ ಅವುಗಳ ಒಟ್ಟು ಕಾಂತತ್ವ ಅಡ್ಡಕ್ಕೆ ಬಾಗುತ್ತದೆ. ಕಾಯಿಲ್‌ಗೆ ಸಿಗುವ ಸಿಗ್ನಲ್ ಹುಟ್ಟುವುದು ಇಲ್ಲಿಂದ.

2. ಗ್ರೇಡಿಯೆಂಟ್ ಹಾಕು, ತೆಗೆ.
ಜಾಗದಿಂದ ಜಾಗಕ್ಕೆ ಕ್ಷೇತ್ರದ ಬಲ ಬದಲಾಗುವಂತೆ ಮಾಡುವುದೇ ಗ್ರೇಡಿಯೆಂಟ್. ಪ್ರತಿ ಪ್ರೋಟಾನೂ ತಾನಿದ್ದ ಜಾಗಕ್ಕೆ ತಕ್ಕಷ್ಟು ಕೋನ ತಿರುಗಿರುತ್ತದೆ.

3. 180 ಡಿಗ್ರಿ ಪಲ್ಸ್ ಕೊಟ್ಟು, ಅದೇ ಗ್ರೇಡಿಯೆಂಟನ್ನು ಮತ್ತೆ ಹಾಕು.
ವಿಧಾನದ ಜೀವಾಳ ಇಲ್ಲಿದೆ. 180 ಡಿಗ್ರಿ ಪಲ್ಸ್ ಕೋನವನ್ನು ತಿರುವುಮುರುವು ಮಾಡುವುದರಿಂದ, ಕದಲದ ಪ್ರೋಟಾನ್‌ಗೆ ಎರಡನೇ ಗ್ರೇಡಿಯೆಂಟ್ ಮೊದಲಿನದನ್ನು ಪೂರ್ತಿ ಅಳಿಸುತ್ತದೆ. ನಡುವೆ ಅಲೆದಾಡಿದ ಅಣುವಿನ ಲೆಕ್ಕ ಮಾತ್ರ ಸರಿಹೊಂದದು, ಸಿಗ್ನಲ್ ಕುಗ್ಗುತ್ತದೆ. ಸ್ಟೆಜ್‌ಸ್ಕಾಲ್ ಮತ್ತು ಟ್ಯಾನರ್ 1965ರಲ್ಲಿ ಇದನ್ನು ತೋರಿಸಿಕೊಟ್ಟರು. ಮಿದುಳಿನಲ್ಲಿ ನೀರಿನ ಅಣು 50 ಮಿಲಿಸೆಕೆಂಡಿನಲ್ಲಿ ಒಂದು ದಿಕ್ಕಿನಲ್ಲಿ ಸರಿಯುವುದು ಸುಮಾರು 9 ಮೈಕ್ರಾನ್. ಚಿತ್ರದ ಒಂದೊಂದು ಚುಕ್ಕಿಯೂ ಮಿಲಿಮೀಟರ್ ಗಾತ್ರದ್ದು; ಆದರೂ ಅದರೊಳಗಿಂದ ಜೀವಕೋಶದ ಅಳತೆಯ ಸುದ್ದಿ ಬರುತ್ತದೆ!

4. ಇಡೀ ಪದರವನ್ನು ಒಂದೇ ಉಸಿರಿಗೆ ಓದು.
ಮೈಕ್ರಾನ್ ಅಳೆಯುವಾಗ ನಾಡಿಬಡಿತವೂ ದೊಡ್ಡ ಅಲುಗಾಟವೇ. ಪೀಟರ್ ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಮುಂದಿಟ್ಟ ಎಕೋ ಪ್ಲೇನಾರ್ ತಂತ್ರ ಆ ಅಲುಗಾಟಕ್ಕೆ ಎಡೆಗೊಡದಷ್ಟು ಬೇಗ ಓದಿ ಮುಗಿಸುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ: ಗಾಳಿ ತುಂಬಿದ ಸೈನಸ್‌ಗಳ ಹತ್ತಿರ ಚಿತ್ರ ಸೊಟ್ಟಗಾಗುತ್ತದೆ.

5. ಗ್ರೇಡಿಯೆಂಟಿನ ಬಲ ಬದಲಿಸಿ ಮತ್ತೆ ಅಳೆ.
ಗ್ರೇಡಿಯೆಂಟಿನ ಪ್ರಭಾವವನ್ನು ಸೂಚಿಸುವ ಬಿ-ಮೌಲ್ಯ 0ಯಿಂದ 1000ಕ್ಕೆ ಏರಿದಾಗ ಮಿದುಳಿನ ಬೂದು ಭಾಗದ ಸಿಗ್ನಲ್ ಸುಮಾರು ಶೇ. 45ರಷ್ಟು ಉಳಿಯುತ್ತದೆ; ಕುಹರಗಳ ದ್ರವದಲ್ಲಿ ಉಳಿಯುವುದು ಶೇ. 5ರ ಆಸುಪಾಸು. ರಕ್ತದ ಹರಿವು ನಿಂತ ಜಾಗದಲ್ಲಿ ಕೋಶಗಳು ಊದಿಕೊಂಡು ನೀರಿನ ಓಡಾಟ ತಗ್ಗುತ್ತದೆ, ಆ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಮೈಕಲ್ ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ಬೆಕ್ಕುಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮಾಮೂಲಿ ಎಂಆರ್‌ಐಗೆ ಇನ್ನೂ ಕಾಣದ ಹಾನಿ ಈ ವಿಧಾನದಲ್ಲಿ ಕಂಡಿತು. ಇಂದು ಪಾರ್ಶ್ವವಾಯು ಚಿಕಿತ್ಸೆಗೆ ಇದು ದಾರಿ ತೋರುತ್ತಿದೆ.

ರಸಾಯನಶಾಸ್ತ್ರಜ್ಞರ ಕೈಯಲ್ಲಿ ಹುಟ್ಟಿದ ಮೂರನೇ ಸಾಲಿಗೂ ಬೆಕ್ಕಿನ ಮಿದುಳಿಗೂ ನಡುವೆ 25 ವರ್ಷ ಕಳೆದವು. ತಕ್ಷಣದ ಉಪಯೋಗ ಕಾಣದ ವಿಧಾನಗಳಿಗೂ ಹಣ ಮತ್ತು ಕಾಲ ಕೊಡಬೇಕು ಎನ್ನುವುದು ಇದಕ್ಕಾಗಿಯೇ.