ಗಂಧಕ ಕಳೆದ ಡೀಸೆಲೂ ಸಣ್ಣ ಟ್ರ್ಯಾಕ್ಟರೂ

ದ್ರಾಕ್ಷಿಯ ಸಾಲುಗಳ ನಡುವೆ, ಅಡಕೆಮರಗಳ ಸಂದಿನಲ್ಲಿ, ದೊಡ್ಡ ಟ್ರ್ಯಾಕ್ಟರು ಹೊರಳಲಾರದ ಇಕ್ಕಟ್ಟಿನಲ್ಲಿ ಸರಾಗವಾಗಿ ತಿರುಗಿ ಬರುವ, ಇಪ್ಪತ್ತು ಅಶ್ವಶಕ್ತಿಯ ಆಸುಪಾಸಿನ ಸಣ್ಣ ಟ್ರ್ಯಾಕ್ಟರಿನ ಮೇಲೆ ಅದರ ಒಡೆಯನಿಗೆ ಬೆಳೆಯುವ ಮಮತೆ ಬಲವಾದದ್ದು. ಆ ಮಮತೆಯಿಂದಲೇ ಹುಟ್ಟಿದ ಒಂದು ಭಯವನ್ನು ಈ ವಾರ ವಿಚಾರಿಸಬೇಕೆಂದಿದ್ದೇನೆ. ಬಂಕಿನಲ್ಲಿ ಈಗ ದೊರೆಯುವ ಡೀಸೆಲಿನಲ್ಲಿ ಜಿಡ್ಡಿಲ್ಲ, ಗಂಧಕವನ್ನು ತೆಗೆದುಬಿಟ್ಟಿದ್ದಾರೆ, ಹಳೆಯ ಗಾಡಿಯ ಪಂಪು ಇದರಿಂದ ಸವೆದುಹೋಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಾರದಲ್ಲಿದೆ. ಅದನ್ನು ನಂಬಿ ಟ್ಯಾಂಕಿಗೆ ಟೂ-ಟಿ ಆಯಿಲನ್ನು ಸುರಿಯುವವರೂ ಇದ್ದಾರೆ.

ಗಂಧಕವನ್ನು ತೆಗೆದಿರುವುದು ನಿಜ. ಕಳೆದ ಶತಮಾನದ ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ಶೇಕಡ 1ರವರೆಗೆ ಗಂಧಕವಿರಲು ಅವಕಾಶವಿತ್ತು. ಎಂದರೆ ಕಿಲೋಗ್ರಾಮಿಗೆ 10,000 ಮಿಲಿಗ್ರಾಮು. ಆ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2017ರಲ್ಲಿ ದೇಶದಾದ್ಯಂತ 50 ಆಗಿ, 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕದೊಡನೆ 10 ಮಿಲಿಗ್ರಾಮಿಗೆ ಬಂದು ನಿಂತಿತು. ಅಮೆರಿಕದಲ್ಲಿ ರಸ್ತೆಯ ವಾಹನಗಳಿಗೆ 2006ರಲ್ಲಿಯೂ ಹೊಲದ ಯಂತ್ರಗಳಿಗೆ 2010ರಲ್ಲಿಯೂ 15ರ ಮಿತಿ ಬೇರೆಬೇರೆಯಾಗಿ ಬಂದಿತು. ನಮ್ಮಲ್ಲಿ ಬಸ್ಸಿಗೂ ಟ್ರ್ಯಾಕ್ಟರಿಗೂ ಒಂದೇ ಡೀಸೆಲಾದುದರಿಂದ ಆಯ್ಕೆಯ ಪ್ರಶ್ನೆಯೇ ಏಳಲಿಲ್ಲ.

ಭಯಕ್ಕೆ ಆಧಾರವಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1991ರಲ್ಲಿ ಸ್ವೀಡನ್ ದೇಶವು ಅತ್ಯಲ್ಪ ಗಂಧಕದ ಡೀಸೆಲನ್ನು ಬಳಕೆಗೆ ತಂದಾಗ ಅಲ್ಲಿಯ ವಾಹನಗಳ ರೋಟರಿ ಪಂಪುಗಳು ಅಕಾಲದಲ್ಲಿ ಸವೆದು ಕೆಟ್ಟವು. ಕಾರಣವನ್ನು ಹುಡುಕಿದಾಗ ತಿಳಿದುಬಂದದ್ದು ಇದು: ಗಂಧಕವು ಸ್ವತಃ ಜಿಡ್ಡಿನ ಕೆಲಸ ಮಾಡುವ ವಸ್ತುವಲ್ಲ, ಅದನ್ನು ಬೇರ್ಪಡಿಸಲು ಶುದ್ಧೀಕರಣಾಗಾರದಲ್ಲಿ ಹೆಚ್ಚಿನ ಉಷ್ಣತೆಯಲ್ಲಿಯೂ ಒತ್ತಡದಲ್ಲಿಯೂ ಜಲಜನಕವನ್ನು ಹಾಯಿಸುವಾಗ, ಲೋಹದ ಮೈಗೆ ಅಂಟಿಕೊಂಡು ತೆಳುವಾದ ಪೊರೆಯಾಗಿ ನಿಂತು ಸವೆತವನ್ನು ತಡೆಯುತ್ತಿದ್ದ, ಸಾರಜನಕ ಮತ್ತು ಆಮ್ಲಜನಕಗಳಿಂದ ಕೂಡಿದ ಕೆಲವು ಸಂಯುಕ್ತಗಳೂ ಗಂಧಕದೊಡನೆಯೇ ಹೊರಟುಹೋಗುತ್ತವೆ. ಇದನ್ನು ಅರಿತ ಮೇಲೆ ಪರಿಹಾರವೂ ಬಂದಿತು. 60 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಡೀಸೆಲಿನಲ್ಲಿ ಒಂದು ಚಿಕ್ಕ ಉಕ್ಕಿನ ಗುಂಡನ್ನು ಉಕ್ಕಿನ ಬಿಲ್ಲೆಯ ಮೇಲೆ, ಕೇವಲ ಒಂದು ಮಿಲಿಮೀಟರಿನ ಓಡಾಟದಲ್ಲಿ, 75 ನಿಮಿಷಗಳ ಕಾಲ ಎಡೆಬಿಡದೆ ಉಜ್ಜಿ, ಗುಂಡಿನ ಮೇಲೆ ಬಿದ್ದ ಸವೆತದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಆ ಗುರುತು 460 ಮೈಕ್ರಾನನ್ನು ಮೀರಕೂಡದೆಂಬುದು ನಮ್ಮ ದೇಶದ ಮಾನಕ. ಅದಕ್ಕೆ ಬೇಕಾದಷ್ಟು ಸ್ನಿಗ್ಧಕಾರಕವನ್ನು ಡೀಸೆಲು ಬಂಕಿಗೆ ಬರುವ ಮೊದಲೇ ಬೆರೆಸಿರುತ್ತಾರೆ. ನಾವು ಟ್ಯಾಂಕಿನ ಬಾಯಲ್ಲಿ ನಿಂತು ಮತ್ತೆ ಬೆರೆಸಬೇಕಾದ್ದು ಏನೂ ಇಲ್ಲ.

ಇನ್ನೊಂದು ಸಂಗತಿಯುಂಟು. ಸ್ವೀಡನ್ನಿನಲ್ಲಿ ಕೆಟ್ಟ ರೋಟರಿ ಪಂಪಿನ ಒಳಭಾಗವೆಲ್ಲವೂ ಡೀಸೆಲಿನಲ್ಲಿಯೇ ಮುಳುಗಿ, ಡೀಸೆಲಿನ ಜಿಡ್ಡನ್ನೇ ನೆಚ್ಚಿ ತಿರುಗುವಂಥದು. ಸಣ್ಣ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಇರುವ ಇನ್‌ಲೈನ್ ಪಂಪಿನ ಕ್ಯಾಮಿಗೂ ರೋಲರಿಗೂ ಸಿಗುವುದು ಎಂಜಿನ್ ಆಯಿಲ್. ಡೀಸೆಲಿನ ಆಶ್ರಯದಲ್ಲಿರುವುದು ಮುಖ್ಯವಾಗಿ ಪ್ಲಂಜರು, ಅದರ ಬ್ಯಾರೆಲು ಮತ್ತು ನಾಜಲಿನ ಸೂಜಿ. ಬೆಂಗಳೂರಿನ ಮೈಕೋ ಕಾರ್ಖಾನೆಯಿಂದ ದಶಕಗಳ ಕಾಲ ಹೊರಬಂದ ಇಂತಹ ಪಂಪೊಂದರ ಪ್ಲಂಜರನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಸೌಷ್ಠವ ಮರೆಯುವಂಥದಲ್ಲ. ಕಿರುಬೆರಳಿಗಿಂತ ತೆಳುವಾದ, ಕನ್ನಡಿಯ ಹೊಳಪಿನ ಆ ಉಕ್ಕಿನ ಕಡ್ಡಿಗೂ ಅದರ ಬ್ಯಾರೆಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನು. ಅದರ ಮೈಯಲ್ಲಿ ಓರೆಯಾಗಿ ಕೊರೆದ ತೋಡೇ ಪ್ರತಿ ಸಲವೂ ಎಷ್ಟು ಡೀಸೆಲು ಹೋಗಬೇಕೆಂಬುದನ್ನು ನಿರ್ಣಯಿಸುತ್ತದೆ. ಇಂತಹ ಸಂದಿಗೆ ವೈರಿಗಳು ನೀರು, ದೂಳು ಮತ್ತು ಡೀಸೆಲನ್ನು ತೆಳ್ಳಗಾಗಿಸುವ ಸೀಮೆಎಣ್ಣೆ.

ಗಂಧಕ ಹೋದುದರಿಂದ ಸಣ್ಣ ಟ್ರ್ಯಾಕ್ಟರಿಗೆ ಆದದ್ದು ಲಾಭವೇ. ಗಂಧಕವು ಉರಿದು, ಉರಿಯುವಾಗ ಹುಟ್ಟುವ ನೀರಾವಿಯೊಡನೆ ಸೇರಿ, ಗಂಧಕಾಮ್ಲವಾಗಿ ಸಿಲಿಂಡರಿನ ತಣ್ಣನೆಯ ಗೋಡೆಯ ಮೇಲೆ ಇಳಿದು, ಲೈನರನ್ನೂ ರಿಂಗುಗಳನ್ನೂ ತಿನ್ನುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಉಳುವ ದೊಡ್ಡ ಎಂಜಿನಿಗಿಂತ, ಅರ್ಧ ಗಂಟೆ ಔಷಧಿ ಹೊಡೆದು ಪೂರ್ತಿ ಕಾಯುವ ಮೊದಲೇ ನಿಂತುಬಿಡುವ ಸಣ್ಣ ಎಂಜಿನಿಗೆ ಈ ಬಾಧೆ ಹೆಚ್ಚು.

ಆದರೆ ಹೊಸ ಡೀಸೆಲಿನಿಂದ ಹಳೆಯ ಗಾಡಿಗೆ ಒಂದು ತೊಂದರೆ ನಿಜವಾಗಿಯೂ ಬರಬಹುದು, ಮತ್ತು ಅದನ್ನೇ ಜನ ಪಂಪಿನ ಸವೆತವೆಂದು ತಪ್ಪಾಗಿ ಗ್ರಹಿಸುವುದುಂಟು. ಹಳೆಯ ಡೀಸೆಲಿನ ಆರೊಮ್ಯಾಟಿಕ್ ಅಂಶವನ್ನು ಹೀರಿ ಉಬ್ಬಿಕೊಂಡಿದ್ದ ರಬ್ಬರಿನ ಓ-ರಿಂಗುಗಳು, ಆ ಅಂಶ ಕಡಿಮೆಯಾದ ಡೀಸೆಲು ತಾಗಿದಾಗ ಕುಗ್ಗುತ್ತವೆ. ವಯಸ್ಸಾಗಿ ಗಟ್ಟಿಯಾದ ರಬ್ಬರು ಮತ್ತೆ ಸಂದನ್ನು ತುಂಬಲಾರದು. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೀಸೆಲು ಬದಲಾದಾಗ ಹೀಗೆಯೇ ಅನೇಕ ಪಂಪುಗಳು ಸೋರಿದವು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಟ್ರ್ಯಾಕ್ಟರನ್ನು ಕೊಂಡು ತಂದು ಟ್ಯಾಂಕು ತುಂಬಿದವರು ಕೆಲವು ದಿನಗಳಲ್ಲಿಯೇ ಪಂಪಿನ ಬುಡದಲ್ಲಿ ಒದ್ದೆ ದೂಳಿನ ಕರೆಯನ್ನು ಕಂಡರೆ, ಅಥವಾ ಬೆಳಗ್ಗೆ ಎಂಜಿನು ಹಿಡಿದಂತೆ ಮಾಡಿ ನಿಂತುಹೋದರೆ, ಎಲ್ಲಿಯೋ ಏರ್ ಎಳೆಯುತ್ತಿದೆಯೆಂದು ತಿಳಿಯಬೇಕು. ಇಷ್ಟಕ್ಕೆ ಪಂಪನ್ನು ಕಳಚಿ ಕ್ಯಾಲಿಬ್ರೇಶನ್ನಿಗೆ ಕಳುಹಿಸುವುದು ವೃಥಾ ವ್ಯಯ. ಓ-ರಿಂಗು, ತಾಮ್ರದ ವಾಶರು, ರಬ್ಬರ್ ಪೈಪುಗಳನ್ನು ಹೊಸದಾಗಿ ಹಾಕಿ ಏರ್ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ಟೂ-ಟಿ ಆಯಿಲಿಗೆ ಕೊಡುವ ಹಣದಲ್ಲಿ ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿರಿ, ಅದರ ತಳದ ನೀರನ್ನು ಬಿಟ್ಟುಬಿಡಿರಿ, ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕನ್ನು ತುಂಬಿಸಿಡಿರಿ, ಮತ್ತು ತೆರೆದ ಡಬ್ಬದಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲನ್ನು, ಅದು ಎಷ್ಟೇ ಒಳ್ಳೆಯ ಬಂಕಿನದಾಗಿರಲಿ, ಗಾಡಿಗೆ ಹಾಕಬೇಡಿರಿ.