ಮತ್ತೆ ಕಂಡ ‘ವ್ಯೋಮ’

1998ರಲ್ಲಿ ದೂರದರ್ಶನದಲ್ಲಿ ಬಂದ ಕೇತನ್ ಮೆಹತಾ ಅವರ ಹಿಂದೀ ಧಾರಾವಾಹಿ ‘ಕ್ಯಾಪ್ಟನ್ ವ್ಯೋಮ್’ ಅನ್ನು ಕಮರಿಪೇಟೆಯ ಓಣಿಯ ಹುಡುಗರಾದ ನಾವು ಉಸಿರು ಬಿಗಿಹಿಡಿದು ನೋಡಿದ್ದೆವು. ಹಿಂದಿ ಅರ್ಧ ತಿಳಿಯುತ್ತಿತ್ತು. ವ್ಯೋಮವೆಂದರೆ ಆಕಾಶವೆಂಬುದು ಮಾತ್ರ ಕನ್ನಡದಿಂದಲೇ ಗೊತ್ತಿತ್ತು.

ಮೊನ್ನೆ ಮಗಳೊಡನೆ ಮತ್ತೆ ನೋಡಿದೆ. ಗಣಕಯಂತ್ರದ ಚಿತ್ರಗಳು ಬಡವಾಗಿ ಕಂಡವು. ಅದು ಕಾಲದ ದೋಷ, ಮನ್ನಿಸಬಹುದು. ಆದರೆ ಸೆರೆಯಿಂದ ತಪ್ಪಿಸಿಕೊಂಡ 12 ಪಾತಕಿಗಳನ್ನು ಮಿಲಿಂದ್ ಸೋಮನ್ ಅಭಿನಯಿಸಿದ ನಾಯಕನು ಬೆನ್ನಟ್ಟುವ ಈ ಕಥೆಯಲ್ಲಿ ನೌಕೆ ಹೊಸದು, ಎಲುಬು ರಾಕ್ಷಸಸಂಹಾರದ್ದು. ವಿಜ್ಞಾನವು ಇಲ್ಲಿ ಉಡುಪೇ ಹೊರತು ವಿಚಾರವಲ್ಲ. ನಾವು ಹುಡುಗರು ಆ ಉಡುಪನ್ನೇ ವಿಜ್ಞಾನವೆಂದು ನಂಬಿದ್ದೆವು.

ಆದರೂ ಒಂದು ಉಪಕಾರವನ್ನು ಒಪ್ಪಬೇಕಾಗುವದು. ಆಕಾಶಕ್ಕೆ ಹೋಗುವವನಿಗೆ ನಮಗೆ ತಿಳಿದ ಹೆಸರೂ ಸಲ್ಲುವದೆಂದು ಅದು ತೋರಿಸಿತು. 2020ರಲ್ಲಿ ಇಸ್ರೋ ಬೆಂಗಳೂರಿನಲ್ಲಿ ತನ್ನ ಯಂತ್ರಮಾನವಿ ‘ವ್ಯೋಮಮಿತ್ರ’ಳನ್ನು ತೋರಿಸಿದಾಗ ನನಗೆ ನೆನಪಾದದ್ದು ಆ ಓಣಿಯೇ.