ಪತ್ತೇದಾರನ ವೇಷ, ಕಥನದ ಮೌನ
ಆರ್ಥರ್ ಕಾನನ್ ಡಾಯ್ಲ್ ಅವರ ‘ದಿ ವ್ಯಾಲಿ ಆಫ್ ಫಿಯರ್’ (1915) ಕಾದಂಬರಿಯ ಉತ್ತರಾರ್ಧದ ಬಹುಭಾಗದಲ್ಲಿ ಷರ್ಲಾಕ್ ಹೋಮ್ಸ್ ಇಲ್ಲ; ಅಮೆರಿಕದ ಕಲ್ಲಿದ್ದಲು ಕಣಿವೆಯ ‘ಸ್ಕೌರರ್ಸ್’ ಎಂಬ ಗುಪ್ತ ಪಾತಕಕೂಟವನ್ನು ಮಾರುವೇಷದಲ್ಲಿ ಹೊಕ್ಕು ಭೇದಿಸುವ ಪಿಂಕರ್ಟನ್ ಸಂಸ್ಥೆಯ ಪತ್ತೇದಾರನೇ ನಾಯಕ. ಕಥೆಯ ಮೂಲ ಪೆನ್ಸಿಲ್ವೇನಿಯಾದ ‘ಮಾಲಿ ಮಗ್ವಾಯರ್ಸ್’ ಪ್ರಕರಣ. ಅದರಲ್ಲಿ 1877–79ರ ನಡುವೆ 20 ಮಂದಿ ಗಲ್ಲಿಗೇರಿದರು. ಪತ್ತೇದಾರರನ್ನು ನೇಮಿಸಿದವರು ರೈಲ್ವೆ ಮತ್ತು ಗಣಿಗಳ ಒಡೆಯರು. ಇದನ್ನು ಕಾದಂಬರಿ ಮುಚ್ಚಿಡುವುದಿಲ್ಲ, ಪ್ರಶ್ನಿಸುವುದೂ ಇಲ್ಲ. ಕೂಟದ ಕೊಲೆಗಳಿಗೆ ದೊರೆತ ವಿವರ, 1875ರ ದೀರ್ಘ ಮುಷ್ಕರದಲ್ಲಿ ಕಾಣಿಸಿಕೊಂಡ ಕಾರ್ಮಿಕರ ಸಂಕಟಕ್ಕೆ ದೊರೆತಿಲ್ಲ.

ನಾಯಕನ ನಿಜರೂಪವನ್ನು ಓದುಗರಿಂದಲೂ ಮರೆಮಾಚುವ ತಂತ್ರ ಸಮರ್ಥವಾದುದೇ. ಆದರೆ ‘ಇವನೇ ಅವನು’ ಎಂಬ ಬೆರಗಿನಲ್ಲಿ ‘ಇವನು ಯಾರ ಪರ?’ ಎಂಬ ಪ್ರಶ್ನೆ ಮರೆಯಾಗುತ್ತದೆ. ಪತ್ತೇದಾರಿ ಕಥನವನ್ನು ಬರಿಯ ರಂಜನೆಯೆಂದು ಬದಿಗಿರಿಸದೆ, ಇಂತಹ ಮೌನಗಳ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.